ಕ್ಯಾನ್ಯನ್‌ಲ್ಯಾಂಡ್ಸ್‌ನ ಗ್ರೀನ್ ನದಿಯಲ್ಲಿ 5 ದಿನ ಕನೂ: ಯಾವ ತಿಂಗಳು, ಎಷ್ಟು ನೀರು, ವಾಪಸ್ ಬರೋದು ಹೇಗೆ?

ಬೇಏರಿಯಾ_ಕನ್ನಡತಿ (ಪ್ರಶ್ನೆ)

ಯೂಟಾದ ಕ್ಯಾನ್ಯನ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್ ಒಳಗೆ ಗ್ರೀನ್ ನದಿಯಲ್ಲಿ ಕನೂ ಬಾಡಿಗೆಗೆ ತಗೊಂಡು ಹೋಗುವ ಯೋಚನೆ ಇದೆ. ಮಿನರಲ್ ಬಾಟಮ್‌ನಲ್ಲಿ ನೀರಿಗಿಳಿದು ಕೊಲರಾಡೊ ನದಿ ಸೇರುವ ಸಂಗಮದವರೆಗೆ, 4 ರಾತ್ರಿ. ನಾವಿಬ್ಬರು, ಮೈದುನ, 11 ವರ್ಷದ ಮಗಳು, ಎರಡು ಕನೂ. ಇಬ್ಬರಿಗೆ ಈಜು ಬರಲ್ಲ. ಕೆರೆಯಲ್ಲಿ ಹುಟ್ಟು ಹಾಕಿ ಅಭ್ಯಾಸ ಇದೆ, ಹರಿಯುವ ನೀರಲ್ಲಿ ಇಲ್ಲ.

ಮೇ ಕೊನೆಯ ರಜೆಯ ವಾರ ಒಳ್ಳೆಯದೋ, ಸೆಪ್ಟೆಂಬರೋ? ನದಿ ನೀರನ್ನೇ ಫಿಲ್ಟರ್ ಮಾಡಿ ಕುಡಿಯಬಹುದಾ? ಟಾಯ್ಲೆಟ್ ಹೊತ್ತುಕೊಂಡೇ ಹೋಗಬೇಕು ಅಂತಾರೆ, ಅದರ ವ್ಯವಸ್ಥೆ ಹೇಗೆ? ಕರಡಿ ಭಯ ಇದೆಯಾ?

ಮರಳದಿಣ್ಣೆ

ಮೇಡಂ, ಮೊದಲು ವಾಪಸಾತಿ ಗಟ್ಟಿ ಮಾಡಿಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ. ಮಿನರಲ್ ಬಾಟಮ್ ಬಿಟ್ಟ ಮೇಲೆ ನಿಮ್ಮ ದಾರಿ ಮುಗಿಯುವಲ್ಲಿಗೆ ಕಾರು ಬರುವ ರಸ್ತೆಯೇ ಇಲ್ಲ. ಸಂಗಮಕ್ಕೆ 52 ಮೈಲಿ, ಅಲ್ಲಿಂದ ಸುಮಾರು 4 ಮೈಲಿ ಕೆಳಗೆ ಸ್ಪ್ಯಾನಿಷ್ ಬಾಟಮ್. ಬಾಡಿಗೆಯವರ ಜೆಟ್ ಬೋಟ್ ಬಂದು ನಿಮ್ಮನ್ನೂ ಕನೂಗಳನ್ನೂ ಹೇರಿಕೊಂಡು ಕೊಲರಾಡೊ ನದಿಯ ಮೇಲಕ್ಕೆ, ಮೋಆಬ್ ಹತ್ತಿರದ ಪೊಟಾಶ್‌ಗೆ ಕರೆದೊಯ್ಯುತ್ತದೆ. ಸೀಟು ಲೆಕ್ಕದ್ದು. ಪಾರ್ಕಿನ ಪರ್ಮಿಟ್ ಕೈಗೆ ಬಂದು ಬೋಟ್ ಸಿಗದೆ ಪ್ರವಾಸ ಬಿಟ್ಟವರು ಬೇಕಾದಷ್ಟು ಜನ. ಬೋಟ್ ದಿನಾಂಕ ನೋಡಿಕೊಂಡು ಪರ್ಮಿಟ್ ಹಾಕಿ.

ಸ್ಪ್ಯಾನಿಷ್ ಬಾಟಮ್ ದಾಟಿದರೆ ಕ್ಯಾಟರಾಕ್ಟ್ ಕ್ಯಾನ್ಯನ್ ಶುರು. ಅದು ದೊಡ್ಡ ರ‍್ಯಾಪಿಡ್‌ಗಳ ಜಾಗ, ಪರ್ಮಿಟ್ಟೇ ಬೇರೆ, ಬಾಡಿಗೆ ಕನೂ ಅಲ್ಲಿ ಉಳಿಯುವುದಿಲ್ಲ. ಸ್ಪ್ಯಾನಿಷ್ ಬಾಟಮ್ ಬಲದಂಡೆಯಲ್ಲಿದೆ. ಹಾಗಾಗಿ ಸಂಗಮಕ್ಕೆ ಬರುವ ಮೊದಲೇ ಬಲಕ್ಕೆ ಸರಿದು ಬಲದಲ್ಲೇ ಇರಿ. ಅದರ ಮೇಲಿನ ನಿಮ್ಮ 56 ಮೈಲಿಯಲ್ಲಿ ನೀರು ಸಮತಟ್ಟು. ದಾಂಡೇಲಿಯ ಕಾಳಿ ನದಿ ರ‍್ಯಾಫ್ಟಿಂಗ್ ತಲೆಯಲ್ಲಿಟ್ಟುಕೊಂಡು ಹೆದರಬೇಕಿಲ್ಲ.

ಕಾಟ ಕೊಡುವುದು ಗಾಳಿ. ಮಧ್ಯಾಹ್ನದ ಮೇಲೆ ನದಿಯ ಎದುರು ದಿಕ್ಕಿಗೆ ಬೀಸುವುದು ಸಾಮಾನ್ಯ, ವಸಂತದಲ್ಲಿ ಇನ್ನೂ ಜೋರು. ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನ ಒಂದೆರಡು ಗಂಟೆಯೊಳಗೆ ಕ್ಯಾಂಪ್ ಹಿಡಿಯುವ ಹಾಗೆ ಲೆಕ್ಕ ಹಾಕಿ. ಎದುರುಗಾಳಿ ಇದ್ದಾಗ ಕನೂ ಮೂತಿ ಹಗುರವಾಗಿದ್ದರೆ ಗಾಳಿ ಅದನ್ನು ಹಿಡಿದು ತಿರುಗಿಸುತ್ತದೆ; ನೀರಿನ ಕ್ಯಾನ್‌ಗಳಲ್ಲಿ ಒಂದೆರಡನ್ನು ಮುಂದಕ್ಕೆ ಸರಿಸಿ.

5 ದಿನ ಅಂದರೂ ಹುಟ್ಟು ಹಾಕಲು ಸಿಗುವುದು ನಾಲ್ಕೇ. ಮೊದಲ ದಿನ ಗಾಡಿಯಲ್ಲಿ ಅಲ್ಲಿಗೆ ತಲುಪಿ ಸಾಮಾನು ಕಟ್ಟುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಕೊನೆಯ ದಿನ ಬೋಟ್ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರಲೇಬೇಕು, ಆದ್ದರಿಂದ ನಾಲ್ಕನೇ ರಾತ್ರಿಯೇ ಆ ಆಸುಪಾಸಿಗೆ ಬಂದಿರಬೇಕು. ಮೊದಲ ದಿನ 10 ಮೈಲಿ, ಮುಂದಿನ ಮೂರು ದಿನ ತಲಾ 15.

ಪಟಿಕ_ಪುಡಿ

ತಿಂಗಳ ಬಗ್ಗೆ: ಈಜು ಬಾರದವರಿದ್ದರೆ ಮೇ ಕೊನೆ ಬೇಡವೇ ಬೇಡ. ಮೇ ಕೊನೆಯಿಂದ ಜೂನ್ ಮೊದಲ ಭಾಗ ಹಿಮ ಕರಗಿದ ನೀರು ಏರಿರುವ ಕಾಲ. ಸೆಕೆಂಡಿಗೆ 20 ಸಾವಿರ ಘನ ಅಡಿ ದಾಟುವ ವರ್ಷಗಳೂ ಇವೆ. ಹರಿವು ವೇಗ, ನೀರು ಕೊರೆಯುವಷ್ಟು ತಣ್ಣಗೆ, ಮರಳುದಿಣ್ಣೆಗಳೆಲ್ಲ ಮುಳುಗಿರುತ್ತವೆ. ದಂಡೆ ತುಂಬ ಟ್ಯಾಮರಿಸ್ಕ್ ಪೊದೆ, ಇಳಿಯಲು ಜಾಗ ಹುಡುಕುವುದೇ ಕೆಲಸ. ಅದರ ಹಿಂದೆಯೇ ಸೊಳ್ಳೆ. ಜುಲೈ, ಆಗಸ್ಟ್‌ನಲ್ಲಿ 38 ಡಿಗ್ರಿ ದಾಟುವ ಬಿಸಿಲು, ಜೊತೆಗೆ ಗುಡುಗುಮಳೆಗೆ ಪಕ್ಕದ ಕಣಿವೆಗಳಿಂದ ದಿಢೀರ್ ಪ್ರವಾಹ. ಸೆಪ್ಟೆಂಬರ್ ಕೊನೆಯ ಎರಡು ವಾರ ಹಿಡಿಯಿರಿ. ಹರಿವು 2-3 ಸಾವಿರದ ಆಸುಪಾಸಿಗೆ ಇಳಿದು ಒಳ್ಳೊಳ್ಳೆ ಮರಳುದಿಣ್ಣೆ ಮೇಲೆದ್ದಿರುತ್ತವೆ. ನೀರು ನಿಧಾನ, ಕೈ ಬೀಸಿ ಹುಟ್ಟು ಹಾಕಬೇಕು, ಅಷ್ಟೇ.

ಕಡಿಮೆ ನೀರಿನಲ್ಲಿ ತಿರುವಿನ ಒಳಬದಿಯ ಅಡ್ಡದಾರಿ ಹಿಡಿಯಬೇಡಿ. ಮರಳು ಕೂರುವುದೇ ಅಲ್ಲಿ; ಆಳ ಇರುವುದು ಹೊರಬದಿಯಲ್ಲಿ. ಕನೂ ನೆಲ ಕಚ್ಚಿದರೆ ಇಳಿಯುವ ಮೊದಲು ಹುಟ್ಟಿನಿಂದ ಆಳ ನೋಡಿ, ದಿಣ್ಣೆಯ ಅಂಚು ಒಮ್ಮೆಲೇ ಕಡಿದಂತೆ ಇಳಿದಿರುತ್ತದೆ. ದಂಡೆಯ ಕೆಸರು ಮೊಣಕಾಲು ಹೂಳುವಷ್ಟಿದ್ದು ಹವಾಯಿ ಚಪ್ಪಲಿ ನುಂಗಿಬಿಡುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ಲೇ ಬೇಕು.

ಕುಡಿಯುವ ನೀರು ಊರಿಂದಲೇ ತುಂಬಿಕೊಂಡು ಹೋಗಿ. ಒಬ್ಬರಿಗೆ ದಿನಕ್ಕೆ 1 ಗ್ಯಾಲನ್, 4 ಜನಕ್ಕೆ 5 ದಿನಕ್ಕೆ 20 ಗ್ಯಾಲನ್. ಸುಮಾರು 76 ಕಿಲೋ, ಕನೂಗೆ 38ರಂತೆ. ಒಂದೇ ದೊಡ್ಡ ಡ್ರಮ್ ಬೇಡ, ಒಂದು ಸೋರಿದರೂ ಉಳಿದವು ಇರಲಿ ಅಂತ 5 ಗ್ಯಾಲನ್ನಿನ ನಾಲ್ಕು ಕ್ಯಾನ್.

ನದಿ ನೀರು ನಮ್ಮಲ್ಲಿನ ಮಳೆಗಾಲದ ಹೊಳೆ ತರಹ ಕೆಂಪು. ನೇರ ಫಿಲ್ಟರ್‌ಗೆ ಹಾಕಿದರೆ ಒಂದೆರಡು ಲೀಟರ್‌ಗೇ ಕಟ್ಟಿಕೊಂಡು ನಿಲ್ಲಬಹುದು. 5 ಗ್ಯಾಲನ್ ಬಕೆಟ್‌ಗೆ ಒಂದು ಟೀ ಚಮಚ ಪಟಿಕದ ಪುಡಿ ಹಾಕಿ ಚೆನ್ನಾಗಿ ತಿರುವಿ ಅಲುಗಾಡಿಸದೆ ಬಿಡಿ. ಹಳ್ಳಿ ಮನೆಗಳಲ್ಲಿ ಹಂಡೆಗೆ ಹಾಕುತ್ತಿದ್ದ ಅದೇ ಪಟಿಕ, ಇಂಡಿಯನ್ ಸ್ಟೋರ್‌ನಲ್ಲೂ ಸಿಗುತ್ತದೆ. ರಾತ್ರಿ ಇಟ್ಟರೆ ಬೆಳಿಗ್ಗೆ ಮೇಲಿನದು ತಿಳಿಯಾಗಿರುತ್ತದೆ. ತಳ ಕಲಕದಂತೆ ಮೇಲಿನದನ್ನಷ್ಟೇ ಬಸಿದು ಫಿಲ್ಟರ್ ಮಾಡಿ, ಆಮೇಲೆ ಕುದಿಸಿ. ಪಟಿಕ ಮಣ್ಣನ್ನು ಕೂರಿಸುತ್ತದೆಯೇ ಹೊರತು ರೋಗಾಣು ಕೊಲ್ಲುವುದಿಲ್ಲ. ಮೇಲ್ಭಾಗದ ಹೊಲಗಳ ರಾಸಾಯನಿಕವೂ ಇದರಲ್ಲಿ ಹೋಗುವುದಿಲ್ಲ. ಪಾತ್ರೆ ತೊಳೆಯಲು ಸರಿ, ಕುಡಿಯಲು ತುರ್ತಿಗೆ ಮಾತ್ರ.

ಕೆಂಪುಬಂಡೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹರಿಯುವ ನೀರು ಹೊಸದು, ಜೊತೆಗೆ ಮಗು ಅಂದ ಮೇಲೆ ಮೊದಲ ಸಲಕ್ಕೆ ಮೇಲಿನ ಲ್ಯಾಬಿರಿಂತ್ ಕ್ಯಾನ್ಯನ್ ಸಾಕು. ರೂಬಿ ರ‍್ಯಾಂಚ್‌ನಲ್ಲಿ ಇಳಿದರೆ ಮಿನರಲ್ ಬಾಟಮ್‌ಗೆ ಸುಮಾರು 45 ಮೈಲಿ, ಮುಗಿಯುವಲ್ಲಿ ರಸ್ತೆ ಇದೆ, ಜೆಟ್ ಬೋಟ್ ಖರ್ಚಿಲ್ಲ. ಬೌನಾಟ್ ಬೆಂಡ್ ಎಂಬ 7 ಮೈಲಿಯ ಸುತ್ತು ಸಿಗುವುದು ಇದರಲ್ಲೇ. ಇದು ಪಾರ್ಕಿನ ಹೊರಗೆ, ಪರ್ಮಿಟ್ ಕೇಂದ್ರ ಸರ್ಕಾರದ ಜಮೀನು ನೋಡಿಕೊಳ್ಳುವ ಬಿಎಲ್‌ಎಂ ಇಲಾಖೆಯದು. ಮಿನರಲ್ ಬಾಟಮ್‌ನ ಹಿಮ್ಮುರಿ ತಿರುವುಗಳ ರಸ್ತೆ ಮಾತ್ರ ಮಳೆ ಬಂದರೆ ಜಾರುಬಂಡಿ. ಒಂದು ದಿನ ಕೈಯಲ್ಲಿಟ್ಟುಕೊಳ್ಳಿ.

ಮರಳದಿಣ್ಣೆ

ಒಪ್ಪುತ್ತೇನೆ, ಆದರೆ ಪಾರ್ಕಿನೊಳಗಿನ ಸ್ಟಿಲ್‌ವಾಟರ್ ಕ್ಯಾನ್ಯನ್ ಹೆಸರಿಗೆ ತಕ್ಕಂತೆ ಇನ್ನೂ ಶಾಂತ. ಎರಡೂ ಹೆಸರು 1869ರಲ್ಲಿ ಇಲ್ಲಿ ದೋಣಿ ನಡೆಸಿದ ಅನ್ವೇಷಕ ಪೊವೆಲ್‌ನ ತಂಡ ಇಟ್ಟಿದ್ದು. ಫೋರ್ಟ್ ಬಾಟಮ್‌ನಲ್ಲಿ ಹತ್ತಿ ನೋಡಲು ಪ್ಯೂಬ್ಲೊ ಪೂರ್ವಜರ ಕಲ್ಲಿನ ಗೋಪುರ ಇದೆ (ಗೋಡೆ ಮುಟ್ಟಬೇಡಿ, ಒರಗಬೇಡಿ). ಲೈಫ್ ಜಾಕೆಟ್ ವಿಷಯದಲ್ಲಿ ಎಲ್ಲಿಯಾದರೂ ಒಂದೇ ಮಾತು: ಯೂಟಾದಲ್ಲಿ 12 ವರ್ಷ ಮತ್ತು ಕೆಳಗಿನ ಮಕ್ಕಳು ಸಾಗುವ ದೋಣಿಯಲ್ಲಿ ತೊಟ್ಟಿರಲೇಬೇಕೆಂಬ ಕಾನೂನಿದೆ. ಈಜು ಬಾರದ ದೊಡ್ಡವರೂ ದಂಡೆಯಲ್ಲಿ ಪಾತ್ರೆ ತೊಳೆಯುವಾಗಲೂ ಬಿಚ್ಚಬಾರದು.

ಬೇಏರಿಯಾ_ಕನ್ನಡತಿ

ಎಲ್ಲರಿಗೂ ಥ್ಯಾಂಕ್ಸ್. ಸೆಪ್ಟೆಂಬರ್ ಕೊನೆ ಅಂತ ತೀರ್ಮಾನ. ಟಾಯ್ಲೆಟ್ ಬಗ್ಗೆ ಯಾರೂ ಹೇಳಲಿಲ್ಲ! ಅಡುಗೆಗೆ ಸೌದೆ ಆರಿಸಬಹುದಾ?

ತಂಗಾಳಿ_ಯೂಟಾ

ಬಾಡಿಗೆಯವರೇ ಕೊಡುತ್ತಾರೆ: ಬಿಗಿ ಮುಚ್ಚಳದ ಗಟ್ಟಿ ಡಬ್ಬಿ, ಮೇಲೆ ಸೀಟು. ಗುಂಡಿ ತೋಡಿ ಮುಚ್ಚುವುದು ನಿಷಿದ್ಧ. ಮೂತ್ರ ಅದಕ್ಕೆ ಹೋಗಬಾರದು, ಬೇಗ ತುಂಬುತ್ತದೆ. ಅದನ್ನು ನೇರ ನದಿಗೇ ಮಾಡಬೇಕು. ಕೇಳಿದರೆ ಮುಜುಗರ ಅನ್ನಿಸಬಹುದು, ಆದರೆ ವರ್ಷಕ್ಕೆ 10 ಅಂಗುಲವೂ ಮಳೆಯಾಗದ ಜಾಗ. ಮರಳಿನ ಮೇಲೆ ಹೊಯ್ದದ್ದು ತೊಳೆದುಹೋಗದೆ ಕ್ಯಾಂಪ್ ನಾರುತ್ತದೆ. ಹೆಂಗಸರು ಒಂದು ಚಿಕ್ಕ ಬಕೆಟ್ ಇಟ್ಟುಕೊಂಡು ನದಿಗೆ ಸುರಿಯುವುದು ರೂಢಿ. ನೀರಲ್ಲಿ ತೊಳೆದುಕೊಳ್ಳುವ ನಮ್ಮ ಅಭ್ಯಾಸದಿಂದ ಡಬ್ಬಿಗೆ ಒಬ್ಬರದು ದಿನಕ್ಕೆ ಅರ್ಧ ಲೀಟರ್ ಬಿದ್ದರೂ ನಿಮ್ಮ ನಾಲ್ವರದು 5 ದಿನಕ್ಕೆ 10 ಲೀಟರ್, ಅದನ್ನೂ ಹೊರಬೇಕು. ಚಿಮ್ಮುವ ಬಾಟಲಿಯಲ್ಲಿ ಸ್ವಲ್ಪವೇ ಬಳಸಿ. ವೆಟ್ ವೈಪ್ಸ್ ಡಬ್ಬಿಗಲ್ಲ, ಕಸದ ಚೀಲಕ್ಕೆ.

ಬೆಂಕಿ ಹಾಕುವುದಾದರೆ ಲೋಹದ ಫೈರ್ ಪ್ಯಾನ್ ಒಳಗೇ, ಬೂದಿಯೂ ವಾಪಸ್ ಬರಬೇಕು. ಅಡುಗೆಗೆ ಗ್ಯಾಸ್ ಒಲೆಯೇ ವಾಸಿ. ಮೊದಲೆರಡು ದಿನ ಐಸ್ ಬಾಕ್ಸ್‌ನ ತರಕಾರಿ, ಆಮೇಲೆ ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ. ಅನ್ನಕ್ಕೆ ಪ್ರೆಷರ್ ಕುಕ್ಕರ್ ಚಿಕ್ಕದೊಂದು ಇದ್ದರೆ ನೀರೂ ಗ್ಯಾಸೂ ಉಳಿಯುತ್ತದೆ. ಪಾತ್ರೆ ತೊಳೆದ ನೀರನ್ನು ಜರಡಿ ಹಿಡಿದು ನದಿಗೆ ಸುರಿಯಿರಿ, ಚರಟ ಕಸಕ್ಕೆ. ಅನ್ನದ ಅಗುಳು ಬಿದ್ದಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪಿರುವೆ ಸಾಲು.

ಕರಡಿಯ ಚಿಂತೆ ನದಿ ದಂಡೆಯಲ್ಲಿ ಬೇಡ. ಚೀಲದ ಜಿಪ್ ಎಳೆದು ತಿನ್ನುವ ರೇವನ್ ಕಾಗೆ ಮತ್ತು ಇಲಿಗಳೇ ಕಳ್ಳರು. ತಿಂಡಿ ಗಟ್ಟಿ ಡಬ್ಬಿಯಲ್ಲಿರಲಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಚೇಳು ಇರಬಹುದು. ಬಿಗ್‌ಹಾರ್ನ್ ಕುರಿ ನೋಡಬೇಕಾದರೆ ಮುಂಜಾನೆ ಮತ್ತು ಸಂಜೆ, ಬಂಡೆ ಉರುಳಿ ಬಿದ್ದ ಇಳಿಜಾರಿನಲ್ಲಿ ಕಣ್ಣಿಡಿ. ಬಣ್ಣ ಕಲ್ಲಿನದೇ ಆದ್ದರಿಂದ ಅಲುಗುವವರೆಗೆ ಕಾಣುವುದಿಲ್ಲ, ಬೈನಾಕ್ಯುಲರ್ ಬೇಕು. ಬೀವರ್‌ಗಳು ಇಲ್ಲಿ ಅಣೆಕಟ್ಟು ಕಟ್ಟದೆ ದಂಡೆಯಲ್ಲೇ ಬಿಲ ತೋಡುತ್ತವೆ. ಇಷ್ಟು ದೊಡ್ಡ ನದಿಯಲ್ಲಿ ಕಟ್ಟಿದ್ದು ನಿಲ್ಲುವುದಿಲ್ಲ. ರಾತ್ರಿ ಬಾಲದಿಂದ ನೀರು ಬಡಿದ ಸದ್ದಿಗೆ ಮಗಳು ಬೆಚ್ಚದಂತೆ ಮೊದಲೇ ಹೇಳಿಡಿ.

ಪಟಿಕ_ಪುಡಿ

ಒಂದು ಸೇರಿಸಬೇಕು. ಕನೂಗಳನ್ನು ರಾತ್ರಿ ದಿಣ್ಣೆಯ ಎತ್ತರಕ್ಕೆ ಎಳೆದು, ಬೋರಲು ಹಾಕಿ, ಗಟ್ಟಿ ಪೊದೆಯ ಬುಡಕ್ಕೋ ಮರಳಲ್ಲಿ ಹೂತ ಗೂಟಕ್ಕೋ ಕಟ್ಟಿ. ಮೇಲೆಲ್ಲೋ ಮಳೆಯಾದರೆ ನಿಮ್ಮ ತಲೆ ಮೇಲೆ ನಕ್ಷತ್ರ ಇದ್ದರೂ ನೀರು ಏರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲ, ಸ್ಯಾಟಲೈಟ್ ಮೆಸೆಂಜರ್ ಬಾಡಿಗೆಗೆ ಸಿಕ್ಕರೆ ತಗೊಳ್ಳಿ. ಕನೂಗೊಂದು ಹೆಚ್ಚುವರಿ ಹುಟ್ಟು ಕೈಗೆಟುಕುವಂತೆ ಕಟ್ಟಿರಲಿ.

ಬೇಏರಿಯಾ_ಕನ್ನಡತಿ

ಮೈದುನ ಡ್ರೋನ್ ತರ್ತೀನಿ ಅಂತಿದ್ದಾನೆ.

ತಂಗಾಳಿ_ಯೂಟಾ

ಪಾರ್ಕಿನೊಳಗೆ ಹಾರಿಸುವಂತಿಲ್ಲ. ಅದೇ ತೂಕಕ್ಕೆ ಇನ್ನೊಂದು ಲೀಟರ್ ನೀರು ಹೇರಲು ಹೇಳಿ.