ವರ್ಷಾಂತ್ಯದ ಆಫೀಸ್ ಪಾರ್ಟಿ: ಎಲ್ಲರೂ ಕ್ಷೇಮವಾಗಿ ಮನೆ ಸೇರುವಂತೆ ನಡೆಸುವುದು ಹೇಗೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ಮಧ್ಯಮ ಗಾತ್ರದ ಕಂಪನಿ. ಡಿಸೆಂಬರ್ ಮೂರನೆಯ ವಾರ ಕನಕಪುರ ರಸ್ತೆಯ ರೆಸಾರ್ಟೊಂದರಲ್ಲಿ ಸಂಜೆಯ ಕೂಟ ಏರ್ಪಡಿಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಮದ್ಯ ಇರುತ್ತದೆ, ಈಜುಕೊಳವೂ ಇದೆ. ಅವಘಡವಾಗದಂತೆ, ಯಾರಿಗೂ ಇರಿಸುಮುರಿಸಾಗದಂತೆ ಇದನ್ನು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ವೈಟ್‌ಫೀಲ್ಡ್, ಮಾನವ ಸಂಪನ್ಮೂಲ ವಿಭಾಗ): ಊಟದ ಪಟ್ಟಿ, ಡಿ.ಜೆ., ಅಲಂಕಾರಗಳನ್ನು ಆಮೇಲೆ ನೋಡಿಕೊಳ್ಳಬಹುದು; ಯಾರು ಯಾವ ವಾಹನದಲ್ಲಿ ಮನೆಗೆ ಮರಳುತ್ತಾರೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಸ್ವಂತ ಕಾರಿನಲ್ಲೋ ಬೈಕಿನಲ್ಲೋ ಬಂದವರು ರಾತ್ರಿ ಅದನ್ನು ಅಲ್ಲೇ ಬಿಟ್ಟು ಹೋಗಲು ಒಪ್ಪುವುದೇ ಇಲ್ಲ. ಆದ್ದರಿಂದ ನಾವು ಆಫೀಸಿನಿಂದಲೇ ಬಸ್ಸು ಹೊರಡಿಸಿ, ಬಸ್ಸಿನಲ್ಲೇ ಕರೆತಂದು, ಅಲ್ಲಿಂದ ಮುಂದಕ್ಕೆ ಪ್ರದೇಶವಾರು ಕ್ಯಾಬ್ ವ್ಯವಸ್ಥೆ ಮಾಡುತ್ತೇವೆ. ವಾಹನಗಳು ರಾತ್ರಿ ಆಫೀಸಿನ ಪಾರ್ಕಿಂಗಿನಲ್ಲೇ ಇರುತ್ತವೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಎರಡು ಪೆಗ್ಗಿಗೇ ಹಲವರು ಈ ಮಿತಿ ದಾಟಿರುತ್ತಾರೆ, ಆದರೆ "ನನಗೇನೂ ಆಗಿಲ್ಲ" ಎನ್ನುವವರಲ್ಲಿ ಅವರೇ ಮುಂದಿರುತ್ತಾರೆ. ಕಾಫಿ, ಮಜ್ಜಿಗೆ, ತಣ್ಣೀರು ಯಾವುದರಿಂದಲೂ ರಕ್ತದಲ್ಲಿರುವ ಆಲ್ಕೋಹಾಲ್ ಬೇಗ ಇಳಿಯುವುದಿಲ್ಲ. ಒಂದು ಸಣ್ಣ ಪೆಗ್ಗನ್ನು ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ ಬೇಕು. ಹಾಗಾಗಿ ಬಸ್ಸು ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಬಾರ್ ಮುಚ್ಚಿಸಿ, ಆ ಹೊತ್ತಿಗೆ ಬಿಸಿ ಊಟ ಬಡಿಸುವಂತೆ ನೋಡಿಕೊಳ್ಳಿ.

ತಲೆಗೆ ಎರಡೆಂದು ಕೂಪನ್ ಹಂಚುವ ಪದ್ಧತಿಯಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಕುಡಿಯದವರ ಕೂಪನ್ನುಗಳೆಲ್ಲ ಅರ್ಧ ಗಂಟೆಯೊಳಗೆ ಒಂದೇ ಮೇಜಿನಲ್ಲಿ ಜಮಾ ಆಗಿರುತ್ತವೆ. ಅದಕ್ಕಿಂತ ಅಳತೆಯ ಪ್ರಕಾರ ಸುರಿಯುವ ಬಾರಿನ ಸಿಬ್ಬಂದಿಯಿದ್ದು, ಮೇಜಿನ ಮೇಲೆ ಬಾಟಲಿ ಇಡದಿರುವುದು ಮೇಲು. ಮ್ಯಾನೇಜರುಗಳು ತಾವೇ ಗ್ಲಾಸು ತುಂಬಿಸಿ ಕೈಗೆ ಕೊಡಬಾರದೆಂದು ಮೊದಲೇ ತಿಳಿಸಿ. ಬಡ್ತಿ ನಿರ್ಧರಿಸುವವರು ಕೊಟ್ಟ ಗ್ಲಾಸನ್ನು ಬೇಡವೆನ್ನುವುದು ಹೊಸಬರಿಗೆ ಸುಲಭವಲ್ಲ.

ಉತ್ತರ 2 (ಸಾರಿಗೆ ಮೇಲ್ವಿಚಾರಕ): ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಆ ಕ್ಯಾಬ್ ಓಡಿಸುವವರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬೆಳಗಿನ ಜಾವದ ಪಾಳಿಗೆ ನೌಕರರನ್ನು ಕರೆತಂದ ಚಾಲಕರನ್ನೇ ಸಂಜೆಯೂ ಕಳುಹಿಸಿದರೆ, ಅವರು ಆರು ಗಂಟೆಯಿಂದ ರೆಸಾರ್ಟಿನ ಗೇಟಿನ ಹೊರಗೆ, ಸೀಟು ಹಿಂದಕ್ಕೆ ಬಾಗಿಸಿಕೊಂಡು, ಸೊಳ್ಳೆ ಹೊಡೆಯುತ್ತ, ಹತ್ತಿರದಲ್ಲಿ ಹೋಟೆಲೂ ಇಲ್ಲದೆ ಬಿಸ್ಕತ್ತು ತಿಂದು ಕಾಯುತ್ತಿರುತ್ತಾರೆ. ಮಧ್ಯರಾತ್ರಿ ಅಂಥವರ ಕಣ್ಣು ಕೂತರೆ, ಕುಡಿದವನ ಕೈಗೆ ಸ್ಟಿಯರಿಂಗ್ ಕೊಟ್ಟದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹಗಲು ವಿಶ್ರಾಂತಿ ಪಡೆದ ಚಾಲಕರನ್ನೇ ಕಳುಹಿಸಬೇಕೆಂದು ಏಜೆನ್ಸಿಗೆ ಲಿಖಿತವಾಗಿ ತಿಳಿಸಿ, ಎಂಟು ಗಂಟೆಗೆ ಅವರಿಗೆ ಒಳಗಿನ ಊಟವನ್ನೇ ಬಡಿಸಿ, ಮಲಗಲು ಒಂದು ಕೋಣೆ ಕೊಡಿಸಿ. ಇನ್ನೊಂದು ವಿಷಯ: ಕ್ಯಾಬಿನಲ್ಲಿ ಕೊನೆಗೆ ಇಳಿಯುವವರು ಮಹಿಳೆಯಾಗಿದ್ದರೆ ಜೊತೆಗೆ ಸೆಕ್ಯುರಿಟಿ ಗಾರ್ಡ್ ಇರಲೇಬೇಕು. 2005ರ ಡಿಸೆಂಬರಿನಲ್ಲಿ ಇದೇ ಊರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕ್ಯಾಬ್ ಚಾಲಕನೊಬ್ಬ ಕೊಂದ ನೆನಪು ನಮ್ಮ ವೃತ್ತಿಯವರಿಗೆ ಇನ್ನೂ ಮಾಸಿಲ್ಲ. ಮನೆ ತಲುಪಿದ ಮೇಲೆ ಸಂದೇಶ ಕಳುಹಿಸಲು ಹೇಳಿ, ಬಾರದವರಿಗೆ ಫೋನು ಮಾಡುವ ಒಬ್ಬರನ್ನು ಗೊತ್ತುಮಾಡಿ. ಅವರು ಅಂದು ಕುಡಿಯಬಾರದು.

ಉತ್ತರ 3 (ಮೈಸೂರು, ಕಾರ್ಖಾನೆಯ ಆಡಳಿತ ವಿಭಾಗ): ಆಡಳಿತ ಮಂಡಳಿ ಒಪ್ಪಿತೆಂದು ಮದ್ಯ ಇರಲೇಬೇಕೆಂದೇನೂ ಇಲ್ಲ. ಮದ್ಯವಿಲ್ಲದಿದ್ದರೆ ಜನ ಬರುವುದಿಲ್ಲವೆಂಬ ಮಾತು ನಮ್ಮಲ್ಲೂ ಕೇಳಿಬಂದಿತ್ತು. ಕೂಟವನ್ನು ಭಾನುವಾರ ಮಧ್ಯಾಹ್ನಕ್ಕೆ ಬದಲಿಸಿ, ಮನೆಯವರನ್ನೂ ಮಕ್ಕಳನ್ನೂ ಕರೆದಾಗ ಹಿಂದಿಗಿಂತ ಹೆಚ್ಚು ಜನ ಬಂದರು, ಕತ್ತಲಾಗುವ ಮೊದಲೇ ಎಲ್ಲರೂ ಮನೆ ಸೇರಿದರು. ಡಿಸೆಂಬರಿನಲ್ಲಿ ಅಯ್ಯಪ್ಪ ಮಾಲೆ ಹಾಕಿದವರು ಪ್ರತಿ ವಿಭಾಗದಲ್ಲೂ ಇರುತ್ತಾರೆ. ಮಾಂಸ ಬೇಯಿಸಿದ ಪಾತ್ರೆಯ ಪಕ್ಕದಲ್ಲಿ "ವೆಜ್" ಎಂದು ಚೀಟಿ ಅಂಟಿಸಿದರೆ ಅವರು ನೀರನ್ನೂ ಮುಟ್ಟದೆ ಹೋಗುತ್ತಾರೆ. ಬೇರೆ ಒಲೆ, ಬೇರೆ ಸೌಟು, ಸ್ವಲ್ಪ ದೂರದ ಕೌಂಟರ್ ಬೇಕು. ಮೊಟ್ಟೆಯಿಲ್ಲದ ಕೇಕನ್ನು ಪ್ರತ್ಯೇಕ ಚಾಕುವಿನಿಂದ ಕತ್ತರಿಸಿ. ಕ್ರಿಸ್‌ಮಸ್ ಹೆಸರಿನಲ್ಲಿ ಕೂಟ ಮಾಡುವವರು ಅದನ್ನು 24ರ ಸಂಜೆಗೇ ಇಟ್ಟು ಕ್ರೈಸ್ತ ಸಹೋದ್ಯೋಗಿಗಳಿಗೆ ಮಧ್ಯರಾತ್ರಿಯ ಪೂಜೆ ತಪ್ಪಿಸುವುದನ್ನೂ ಕಂಡಿದ್ದೇನೆ.

ಉತ್ತರ 4 (ವಕೀಲೆ, ಕಂಪನಿಯೊಂದರ ಆಂತರಿಕ ಸಮಿತಿಯ ಹೊರಗಿನ ಸದಸ್ಯೆ): ರೆಸಾರ್ಟ್ ಆಫೀಸಲ್ಲ ಎಂಬ ವಾದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ಉದ್ಯೋಗದ ನಿಮಿತ್ತ ಹೋದ ಜಾಗವನ್ನೂ, ಕಂಪನಿ ಒದಗಿಸಿದ ವಾಹನವನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಬಲವಂತವಾಗಿ ಕೈಹಿಡಿದು ಕುಣಿತಕ್ಕೆ ಎಳೆಯುವುದು, ಮೈಮುಟ್ಟಿ "ತಮಾಷೆ" ಮಾಡುವುದು, ಮರುದಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ ಅಣಕಿಸುವುದು, ಇವೆಲ್ಲ ದೂರಾಗಿ ನಮ್ಮ ಮುಂದೆ ಬರುತ್ತವೆ. ಸಮಿತಿಯ ಇಬ್ಬರು ಸದಸ್ಯರ ಫೋನ್ ಸಂಖ್ಯೆಯನ್ನು ಆಮಂತ್ರಣದಲ್ಲೇ ನಮೂದಿಸಿ, ದೂರು ಕೊಡಲು ಮೂರು ತಿಂಗಳ ಕಾಲಾವಕಾಶವಿದೆ ಎಂಬುದನ್ನೂ ತಿಳಿಸಿ. ರೆಸಾರ್ಟಿಗೆ ಬಾರ್ ಪರವಾನಗಿ ಇದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿ.ಎಲ್.-5 ಸನ್ನದು ಪಡೆಯಬೇಕು. ಯಾರೋ ಗೋವಾದಿಂದ ತಂದ ಬಾಟಲಿಗಳಿಂದ ಖರ್ಚು ಉಳಿಸುವ ಉಪಾಯ ಬೇಡ. ಕಾಲೇಜಿನಿಂದ ಈಗಷ್ಟೇ ಬಂದ ಇಂಟರ್ನ್‌ಗಳಲ್ಲಿ 21 ತುಂಬದವರಿದ್ದರೆ ಅವರ ಕೈಪಟ್ಟಿಯ ಬಣ್ಣ ಬೇರೆಯಿರಲಿ. ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಕೂಟವನ್ನು ಮಧ್ಯಾಹ್ನ ಆರಂಭಿಸಿ ಒಂಬತ್ತಕ್ಕೆ ಮುಗಿಸಲು ಅನುಮತಿ ಸಿಕ್ಕಿದೆ, ಆದರೆ ಮದ್ಯ ಬಿಡಲು ಒಪ್ಪಿಗೆ ಸಿಗಲಿಲ್ಲ. ಈಜುಕೊಳಕ್ಕೆ ಏನು ಮಾಡಲಿ?

ಉತ್ತರ 2ರವರು: ಬಾರ್ ತೆರೆಯುವ ಹೊತ್ತಿಗೆ ಕೊಳ ಮುಚ್ಚಿಸಿ. ನಾಲ್ಕರವರೆಗೆ ಈಜು, ಜೀವರಕ್ಷಕ ಸ್ಥಳದಲ್ಲೇ ಇರಬೇಕು. ಅನಂತರ ನೀರಿಗಿಳಿಯುವ ಬಾಗಿಲಿಗೆ ಬೀಗ ಹಾಕಿಸಿ, ಕೀಲಿಯನ್ನು ರೆಸಾರ್ಟಿನವರ ಬಳಿ ಬಿಡದೆ ನೀವೇ ಇಟ್ಟುಕೊಳ್ಳಿ.