1924ರ ಫೋರ್ಡ್ ಮಾಡೆಲ್ ಟಿ: ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು?

ತೋಟದಮನೆ ಕೇಳಿದ ಪ್ರಶ್ನೆ

ಮೂಡಿಗೆರೆಯ ನಮ್ಮ ತೋಟದ ಗೋದಾಮಿನಲ್ಲಿ ತಾತನ ಕಾಲದ ಫೋರ್ಡ್ ಮಾಡೆಲ್ ಟಿ ಟೂರಿಂಗ್ (ತೆರೆದ ಮೈಯ) ಕಾರೊಂದು ಇದೆ. ಎಂಜಿನ್ ಸಿಕ್ಕಿಕೊಂಡಿಲ್ಲ, ಹ್ಯಾಂಡಲ್ ಹಾಕಿದರೆ ಸಲೀಸಾಗಿ ತಿರುಗುತ್ತದೆ. ಗಾಡಿಯನ್ನು ನೋಡಿದ ಗ್ಯಾರೇಜಿನವರು ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟೊ ಮತ್ತು ಅದರಿಂದ ಎಂಜಿನ್ನಿಗೆ ಕಿಡಿ ಕೊಡುವ ಮರದ ಕಾಯಿಲ್ ಪೆಟ್ಟಿಗೆಗಳನ್ನು ತೆಗೆದು, ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಕೂರಿಸಬೇಕು, ಮರದ ಚಕ್ರಗಳ ಬದಲು ಕಬ್ಬಿಣದವನ್ನು ಹಾಕಬೇಕು, ಮೈಗೆ ಕೆಂಪು ಬಣ್ಣ ಹೊಡೆಯಬೇಕು ಎನ್ನುತ್ತಾರೆ. ಗಾಡಿ ಹೊರಡುವ ಮೊದಲು ಆ ಕಾಯಿಲ್‌ಗಳು ಜೀರುಂಡೆಗಳಂತೆ ಗುಂಯ್‌ಗುಡುತ್ತಿದ್ದುದು ನಮ್ಮ ತಂದೆಯವರಿಗೆ ಇನ್ನೂ ನೆನಪಿದೆ. ಅವನ್ನು ಕಳಚಲು ನನಗೆ ಮನಸ್ಸಿಲ್ಲ. ಇನ್ನೊಂದು ಸಂದೇಹವಿದೆ. ಅಮೆರಿಕದ ಚಿತ್ರಗಳಲ್ಲಿ ಚಾಲಕನ ಪಕ್ಕದ ಮುಂಬಾಗಿಲು ತಗಡಿನ ಮೇಲಿನ ಅಚ್ಚು ಮಾತ್ರ, ಆದರೆ ನಮ್ಮ ಗಾಡಿಯಲ್ಲಿ ಅದು ತೆರೆದುಕೊಳ್ಳುತ್ತದೆ. ಯಾರಾದರೂ ಆಮೇಲೆ ಮಾರ್ಪಡಿಸಿರಬಹುದೇ?

ಹಳೇಗಾಲಿ ಅವರ ಉತ್ತರ

ಬಾಗಿಲನ್ನು ಯಾರೂ ಮಾರ್ಪಡಿಸಿಲ್ಲ. ಬ್ರಿಟಿಷ್ ಆಡಳಿತದ ನಾಡುಗಳಿಗೆ ಬಲಬದಿಯ ಸ್ಟೀರಿಂಗ್ ಇರುವ ಮಾಡೆಲ್ ಟಿಗಳು ಬರುತ್ತಿದ್ದುದು ಕೆನಡಾದ ಫೋರ್ಡ್ ಕಾರ್ಖಾನೆಯಿಂದ, ಮತ್ತು ಅಲ್ಲಿನ ಟೂರಿಂಗ್ ಗಾಡಿಗಳಿಗೆ ಮುಂದಿನ ಎರಡೂ ಬದಿಗೆ ನಿಜವಾದ ಬಾಗಿಲುಗಳಿದ್ದವು. ಬಣ್ಣದ ವಿಷಯಕ್ಕೆ ಬಂದರೆ, 1914ರಿಂದ 1925ರ ಮಾದರಿಯವರೆಗೆ ಫೋರ್ಡ್ ಕಪ್ಪನ್ನು ಬಿಟ್ಟು ಬೇರೆ ಬಣ್ಣವನ್ನೇ ಕೊಡಲಿಲ್ಲ. ಹಳೆಯ ಕಪ್ಪು ಇನ್ನೂ ಉಳಿದಿರುವ ಕಡೆ ಉಜ್ಜುಕಾಗದ ಮುಟ್ಟಿಸಬೇಡಿ.

ಮ್ಯಾಗ್ನೆಟೊ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಗೇರುಪೆಟ್ಟಿಗೆಯ ಮುಚ್ಚಳದ ಮೇಲಿರುವ ಅದರ ಸಂಪರ್ಕದ ಗುಬುಟನ್ನು ಬಿಚ್ಚಿ ನೋಡಿ. ಒಳಗಿನ ಬ್ರೇಕ್ ಮತ್ತು ಗೇರಿನ ಪಟ್ಟಿಗಳಿಗೆ ಹತ್ತಿಯ ಬಟ್ಟೆ ಸುತ್ತಿರುತ್ತದೆ. ಅದು ಸವೆದು ಉದುರಿದ ನಾರು ಎಣ್ಣೆಯಲ್ಲಿ ತೇಲಿಬಂದು ಆ ಗುಬುಟಿನ ತುದಿಗೆ ಅಂಟಿಕೊಂಡರೆ ವಿದ್ಯುತ್ತು ಹೊರಗೆ ಬರುವುದೇ ಇಲ್ಲ. ಎಷ್ಟೋ ಸಲ ಅದನ್ನು ಒರೆಸಿದರೆ ಸಾಕು. ಫ್ಲೈವೀಲಿಗೆ (ಎಂಜಿನ್ನಿನೊಡನೆ ತಿರುಗುವ ಭಾರದ ಚಕ್ರ) ಬಿಗಿದ ಮ್ಯಾಗ್ನೆಟೊದ 16 ಆಯಸ್ಕಾಂತಗಳು ನಿಶ್ಶಕ್ತವಾಗಿದ್ದರೂ ಎಂಜಿನ್ ಇಳಿಸದೆ, ಇದ್ದಲ್ಲೇ ಅವಕ್ಕೆ ಮತ್ತೆ ಬಲ ತುಂಬುವ ಕ್ರಮವಿದೆ. ಪರೀಕ್ಷೆಗೆಂದು ಕಾಯಿಲ್‌ಗಳಿಗೆ 6 ವೋಲ್ಟಿನ ಬ್ಯಾಟರಿ ಕೊಡಬಹುದು, ಆದರೆ ಬ್ಯಾಟರಿಯ ತಂತಿ ಮ್ಯಾಗ್ನೆಟೊಗೆ ತಾಗಕೂಡದು, ತಾಗಿದರೆ ಇರುವ ಆಯಸ್ಕಾಂತ ಶಕ್ತಿಯೂ ಹೋಗುತ್ತದೆ. ನಾಲ್ಕೂ ಕಾಯಿಲ್ ಪೆಟ್ಟಿಗೆಗಳಲ್ಲಿ ಡಾಂಬರಿನೊಳಗೆ ಹೂತ ಹಳೆಯ ಕೆಪ್ಯಾಸಿಟರ್ ಬಹುಮಟ್ಟಿಗೆ ಸತ್ತಿರುತ್ತದೆ. ಅದನ್ನು ಹೊಸದಾಗಿ ಹಾಕಿಸಿ, ಪಾಯಿಂಟುಗಳನ್ನು (ವಿದ್ಯುತ್ತನ್ನು ಕೂಡಿಸಿ ಕಡಿಯುವ ತುದಿಗಳು) ಪರೀಕ್ಷಾಯಂತ್ರದ ಮೇಲೆ 1.3 ಆಂಪಿಯರ್‌ಗೆ ಹೊಂದಿಸಿದರೆ ನಿಮ್ಮ ತಂದೆಯವರು ಕೇಳಿದ ಸದ್ದು ಮತ್ತೆ ಬರುತ್ತದೆ. ಡಿಸ್ಟ್ರಿಬ್ಯೂಟರ್ ಬೇಕಾಗಿಲ್ಲ.

ಕಂಚುಗೆಲಸ ಅವರ ಉತ್ತರ

ಗ್ಯಾರೇಜಿನವರು ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ಬದಲಾವಣೆಗಳು. ನಿಜವಾಗಿ ಬದಲಿಸಲೇಬೇಕಾದ ಭಾಗ ಹಿಂದಿನ ಆಕ್ಸಲ್ಲಿನೊಳಗೆ ಅಡಗಿದೆ, ಅದರ ಮಾತನ್ನು ಅವರು ಎತ್ತದಿರುವುದು ನನಗೆ ಗಾಬರಿ ಹುಟ್ಟಿಸುತ್ತದೆ.

ಮಾಡೆಲ್ ಟಿಯ ಕಾಲುಬ್ರೇಕು ಚಕ್ರಗಳನ್ನು ನೇರವಾಗಿ ಹಿಡಿಯುವುದಿಲ್ಲ. ಅದು ಗೇರುಪೆಟ್ಟಿಗೆಯೊಳಗಿನ ಡ್ರಮ್ಮನ್ನು ಹಿಡಿಯುತ್ತದೆ. ಆ ಹಿಡಿತ ಉದ್ದದ ಶಾಫ್ಟಿನ ಮೂಲಕ, ಅದರ ತುದಿಯಲ್ಲಿರುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರದ ಮೂಲಕ ದೊಡ್ಡ ಹಲ್ಲುಚಕ್ರಕ್ಕೆ, ಅಲ್ಲಿಂದ ಹಿಂದಿನ ಗಾಲಿಗಳಿಗೆ ತಲುಪಬೇಕು. ಆ ದೊಡ್ಡ ಹಲ್ಲುಚಕ್ರವನ್ನು ಪಕ್ಕಕ್ಕೆ ಸರಿಯದಂತೆ ಒತ್ತಿ ಹಿಡಿದಿರುವುದು ಬ್ಯಾಬಿಟ್ ಎಂಬ ಮೆದು ಲೋಹದ ವಾಷರುಗಳು. ವರ್ಷಗಳು ಕಳೆದಂತೆ ಬ್ಯಾಬಿಟ್ ಬಿರುಕುಬಿಟ್ಟು ಚೂರುಚೂರಾಗುತ್ತದೆ. ಆಗ ಹಲ್ಲುಚಕ್ರ ಸರಿದು ಪಿನಿಯನ್ನಿನ ಹಿಡಿತ ತಪ್ಪುತ್ತದೆ, ಕಾಲುಬ್ರೇಕೂ ಎಂಜಿನ್ನಿನ ತಡೆಯೂ ಒಂದೇ ಕ್ಷಣಕ್ಕೆ ಇಲ್ಲವಾಗುತ್ತವೆ. ಹಿಂದಿನ ಗಾಲಿಗಳಲ್ಲಿರುವ ಕೈಬ್ರೇಕಿನ ಸಣ್ಣ ಷೂಗಳು ನಿಂತ ಗಾಡಿಯನ್ನು ಹಿಡಿದಿಡಲು ಸಾಕು, ಘಾಟಿ ಇಳಿಯುತ್ತಿರುವ ಗಾಡಿಯನ್ನು ನಿಲ್ಲಿಸಲು ಸಾಲವು.

ಆದ್ದರಿಂದ ಗಾಡಿ ಹತ್ತು ಮಾರು ಓಡುವ ಮೊದಲೇ ಹಿಂದಿನ ಆಕ್ಸಲ್ ಬಿಚ್ಚಿಸಿ, ಒಳಗಿನ ಬೂದುಬಣ್ಣದ ಚೂರುಗಳನ್ನೆಲ್ಲ ತೊಳೆಸಿ, ಕಂಚಿನ ವಾಷರುಗಳನ್ನು ಹಾಕಿಸಿ. ಅಮೆರಿಕದಲ್ಲಿ ಇಂದಿಗೂ ಇವು ತಯಾರಾಗುತ್ತವೆ. ಮೂಲ ಸ್ಥಿತಿಯ ಬಗ್ಗೆ ನನ್ನಷ್ಟು ಹಟ ಹಿಡಿಯುವವರು ಕಡಿಮೆ, ಆದರೂ ಈ ಒಂದು ಬದಲಾವಣೆಗೆ ನನ್ನ ಪೂರ್ಣ ಸಮ್ಮತಿ ಇದೆ.

ಮರದ ಚಕ್ರಗಳನ್ನು ಜಾಕ್ ಮೇಲೆತ್ತಿ ಅಲ್ಲಾಡಿಸಿ ನೋಡಿ. ಅರಗಳು ಕಿರುಗುಟ್ಟಿದರೆ ಅಥವಾ ಚಕ್ರದ ನಡುವಿನ ಗುಂಬದ ಬಳಿ ಸಂದು ಕಂಡರೆ ಒಳ್ಳೆಯ ಬಡಗಿಯಿಂದ ಹೊಸ ಅರಗಳನ್ನೇ ಮಾಡಿಸಬೇಕು. ನೀರಿನಲ್ಲಿ ನೆನೆಸಿ ಬಿಗಿಮಾಡುವುದು ಮರ ಒಣಗುವವರೆಗಿನ ಮಾತು.

ತೋಟದಮನೆ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಮೊದಲು ಆಕ್ಸಲ್ ಬಿಚ್ಚಿಸುತ್ತೇನೆ. ನೋಂದಣಿಗೆ ಏನು ಮಾಡಬೇಕು, ಮತ್ತು ಸ್ಟಾರ್ಟರ್ ಇಲ್ಲದ ಈ ಗಾಡಿಗೆ ಹ್ಯಾಂಡಲ್ ಹೊಡೆಯುವ ಕ್ರಮವೇನು ಎಂಬುದನ್ನೂ ತಿಳಿಸುವಿರಾ?

ಹಳೇಗಾಲಿ

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಮೈಕಟ್ಟು ಅಥವಾ ಎಂಜಿನ್ನನ್ನು ಮಾರ್ಪಡಿಸಿದ್ದರೆ ಆ ಮಾನ್ಯತೆ ಸಿಗದು. ಮೂಲವನ್ನು ಉಳಿಸಲು ಇದೂ ಒಂದು ಕಾರಣ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ತಾತನ ಕಾಲದ ನೋಂದಣಿ ಇದ್ದರೆ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು, ಹಾಗಾಗಿ ಹಳೆಯ ಕಾಗದಪತ್ರಗಳನ್ನು ಮನೆಯಲ್ಲೆಲ್ಲ ಹುಡುಕಿ.

ಹ್ಯಾಂಡಲ್ ಹೊಡೆಯುವ ಮೊದಲು ಕೈಬ್ರೇಕನ್ನು ಪೂರ್ತಿ ಎಳೆಯಿರಿ. ಗಾಡಿ ನ್ಯೂಟ್ರಲ್ಲಿಗೆ ಬರುವುದೂ ಅದರಿಂದಲೇ. ಮುಂದಿನ ಗಾಲಿಗಳಿಗೆ ಮರದ ತುಂಡು ಅಡ್ಡ ಕೊಡಿ, ಏಕೆಂದರೆ ತಣ್ಣಗಿನ ಎಣ್ಣೆ ಗಟ್ಟಿಯಾಗಿದ್ದಾಗ ಎಂಜಿನ್ ಹತ್ತಿದೊಡನೆ ಗಾಡಿ ನಿಮ್ಮತ್ತಲೇ ತೆವಳಬಹುದು. ಸ್ಟೀರಿಂಗ್ ಕೆಳಗಿರುವ, ಕಿಡಿ ಹಾರುವ ಸಮಯ ಹೊಂದಿಸುವ ಸ್ಪಾರ್ಕಿನ ಲಿವರನ್ನು ಪೂರ್ತಿ ಮೇಲಕ್ಕೆ ಸರಿಸಿ, ಇಲ್ಲವಾದರೆ ಕಿಡಿ ಬೇಗ ಹಾರಿ ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಣಿಕಟ್ಟು ಮುರಿಯುತ್ತದೆ. ಎಡಗೈಯಿಂದ ಹಿಡಿದು, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಮಾತ್ರ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಎಂದಿಗೂ ಒತ್ತಬೇಡಿ.