ಮೊದಲ ಅಟ್ಯಾಕ್‌ನ ಸಿಎಸ್‌ಎಫ್‌ನಲ್ಲಿ ಸಿಗುವುದೇ ಹತ್ತು ಸಾವಿರ ಕೋಶ: ಏನು ನೋಡಬೇಕು, ಹೇಗೆ ಉಳಿಸಿಕೊಳ್ಳಬೇಕು?

ಪ್ರಶ್ನೆ

ಮಲ್ಟಿಪಲ್ ಸ್ಕ್ಲೆರೋಸಿಸ್‌ನ (ಎಂಎಸ್, ಅಂದರೆ ದೇಹದ ರಕ್ಷಣಾ ಕೋಶಗಳೇ ಮಿದುಳು, ಬೆನ್ನುಹುರಿಗೆ ಗಾಯ ಮಾಡುವ ರೋಗ) ಮೊದಲ ಅಟ್ಯಾಕ್ ಆದವರ ಸಿಎಸ್‌ಎಫ್, ಅಂದರೆ ಬೆನ್ನುಹುರಿಯ ದ್ರವ, ಮತ್ತು ರಕ್ತ ಎರಡನ್ನೂ ಫ್ಲೋ ಸೈಟೋಮೆಟ್ರಿಯಲ್ಲಿ (ಬಣ್ಣ ಅಂಟಿಸಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸುವ ವಿಧಾನ) ನೋಡುವ ಯೋಜನೆ ಇದೆ. ಒಬ್ಬರಿಂದ 5 ಎಂಎಲ್ ಸಿಎಸ್‌ಎಫ್ ಸಿಗಬಹುದು. ಬಿಳಿ ಕೋಶಗಳಲ್ಲಿ ಟಿ ಕೋಶಕ್ಕೆ ಒಂದು, ಬಿ ಕೋಶಕ್ಕೆ ಒಂದು, ಎನ್‌ಕೆ ಮತ್ತು ಮೊನೊಸೈಟ್‌ಗೆ ಒಂದು, ಹೀಗೆ ಮೂರು ಪ್ಯಾನಲ್ (ಒಟ್ಟಿಗೆ ಬಳಸುವ ಬಣ್ಣದ ಆ್ಯಂಟಿಬಾಡಿಗಳ ಗುಂಪು) ಅಂದುಕೊಂಡಿದ್ದೇವೆ. ದ್ರವ ತೆಗೆಯುವ ವಾರ್ಡಿನಿಂದ ಲ್ಯಾಬಿಗೆ ಮುಕ್ಕಾಲು ಗಂಟೆ ದಾರಿ. ಈ ಕೆಲಸ ಬಲ್ಲವರು ಎಲ್ಲೆಲ್ಲಿ ಎಡವುತ್ತೇವೆಂದು ಮೊದಲೇ ತಿಳಿಸಿದರೆ ಉಪಕಾರ.

ಉತ್ತರ 1

ಮೂರು ಪ್ಯಾನಲ್ ಬಿಡಿ. ಮೊದಲು ಲೆಕ್ಕ ಹಾಕಿ. ಸಿಎಸ್‌ಎಫ್‌ನಲ್ಲಿ ಬಿಳಿ ಕೋಶ ಮೈಕ್ರೋಲೀಟರಿಗೆ 5ರೊಳಗೆ ಇದ್ದರೆ ಸಾಮಾನ್ಯ. ಎಂಎಸ್‌ನಲ್ಲೂ ಅನೇಕರಿಗೆ ಅಷ್ಟೇ ಇರುತ್ತದೆ. 50 ದಾಟಿದರೆ ಬೇರೆ ಕಾಯಿಲೆಯೇ ಇರಬಹುದೆಂದು ಹುಡುಕಬೇಕು. ಮೈಕ್ರೋಲೀಟರಿಗೆ 2 ಎಂದುಕೊಂಡರೆ 5 ಎಂಎಲ್‌ಗೆ 10,000 ಕೋಶ. ತಿರುಗಿಸಿ ತೊಳೆಯುವಷ್ಟರಲ್ಲಿ ಮೂರನೇ ಒಂದು ಪಾಲು ಹೋದರೂ ಆಶ್ಚರ್ಯವಿಲ್ಲ. ಉಳಿದ ಆರೇಳು ಸಾವಿರದಲ್ಲಿ ಬಹುಪಾಲು ಟಿ ಕೋಶಗಳೇ. ಬಿ ಕೋಶ ನೂರಕ್ಕೆ ಮೂರು ಎಂದಿಟ್ಟುಕೊಂಡರೂ ಸುಮಾರು 200. ಅದನ್ನು ಮೂರು ಪಾಲು ಮಾಡಿದರೆ ಪ್ಲಾಸ್ಮಾಬ್ಲಾಸ್ಟ್ (ಆ್ಯಂಟಿಬಾಡಿ ತಯಾರಿಸಲು ಹೊರಟ ಬಿ ಕೋಶ) ಗೇಟಿನೊಳಗೆ, ಅಂದರೆ ಗ್ರಾಫಿನಲ್ಲಿ ಅದಕ್ಕೆ ಎಳೆದ ಚೌಕಟ್ಟಿನೊಳಗೆ, ನಾಲ್ಕೈದು ಚುಕ್ಕೆ ಬಿದ್ದಾವು. ಅದರಿಂದ ಶೇಕಡಾವಾರು ತೆಗೆದು ಗ್ರಾಫ್ ಹಾಕುವುದು ನಮ್ಮನ್ನು ನಾವೇ ಮೋಸ ಮಾಡಿಕೊಂಡಂತೆ.

ಒಂದೇ ಟ್ಯೂಬ್, ಒಂದೇ ಪ್ಯಾನಲ್: ಸತ್ತ ಕೋಶ ತೋರಿಸುವ ಬಣ್ಣ, ನಂತರ ಕೋಶದ ಮೇಲ್ಮೈ ಗುರುತುಗಳಾದ ಸಿಡಿ45, ಸಿಡಿ3, ಸಿಡಿ4, ಸಿಡಿ8, ಸಿಡಿ45ಆರ್‌ಎ, ಸಿಸಿಆರ್7, ಸಿಡಿ19, ಸಿಡಿ27, ಸಿಡಿ38, ಸಿಡಿ56, ಸಿಡಿ14. ಯಂತ್ರದಲ್ಲಿ ಜಾಗ ಉಳಿದರೆ ಎಚ್‌ಎಲ್‌ಎ-ಡಿಆರ್ (ಟಿ ಕೋಶಕ್ಕೆ ಆ್ಯಂಟಿಜನ್, ಅಂದರೆ ದಾಳಿಯ ಗುರಿ, ತೋರಿಸುವ ಅಣು). ಟ್ಯೂಬಿನ ಕೊನೆಯ ಹನಿಯವರೆಗೂ ಓಡಿಸಿ. ಕಾಂಪೆನ್ಸೇಶನ್‌ಗಾಗಲಿ (ಒಂದು ಬಣ್ಣದ ಬೆಳಕು ಇನ್ನೊಂದರಲ್ಲಿ ಬೆರೆಯುವುದನ್ನು ಸರಿಪಡಿಸುವ ಲೆಕ್ಕ), ಒಂದೊಂದು ಬಣ್ಣ ಬಿಟ್ಟು ಮಾಡುವ ಕಂಟ್ರೋಲ್‌ಗಾಗಲಿ ಸಿಎಸ್‌ಎಫ್ ಮುಟ್ಟಬೇಡಿ, ಅದೇ ರೋಗಿಯ ರಕ್ತ ಸಾಕು. ಆದರೆ ಆ್ಯಂಟಿಬಾಡಿಯ ಪ್ರಮಾಣವನ್ನು ಹತ್ತು ಸಾವಿರ ಕೋಶದ ಮೇಲೆಯೇ ಹೊಂದಿಸಿಕೊಳ್ಳಿ. ಹತ್ತು ಲಕ್ಷ ರಕ್ತ ಕೋಶಕ್ಕೆ ಸರಿಹೊಂದಿದ ಪ್ರಮಾಣ ಇಷ್ಟು ಕಡಿಮೆ ಕೋಶಕ್ಕೆ ಹಾಕಿದರೆ ಹಿನ್ನೆಲೆ ಬೆಳಕು ಏರಿ, ಇಲ್ಲದ ಗುರುತು ಇದ್ದಂತೆ ಕಾಣುತ್ತದೆ.

ಉತ್ತರ 2

ನಿಜವಾದ ಅಪಾಯ ಆ ಮುಕ್ಕಾಲು ಗಂಟೆಯ ದಾರಿಯಲ್ಲಿದೆ. ಸಿಎಸ್‌ಎಫ್‌ನಲ್ಲಿ ಪ್ರೋಟೀನು ತೀರಾ ಕಡಿಮೆ, ಕೋಶಗಳು ಬೇಗ ಸಾಯುತ್ತವೆ. ಎಲ್ಲವೂ ಒಂದೇ ಸಮ ಸಾಯುವುದಿಲ್ಲ ಅನ್ನುವುದೇ ತೊಂದರೆ, ಅನುಪಾತವೇ ಬದಲಾಗಿಬಿಡುತ್ತದೆ. ಗಾಜಿನ ಟ್ಯೂಬಾದರೆ ಮೊನೊಸೈಟ್‌ಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ, ಐಸ್ ಮೇಲಿಡಿ. ಟ್ಯೂಬಿಗೆ ಮೊದಲೇ 10% ಸೀರಮ್ ಇರುವ ಆರ್‌ಪಿಎಂಐ (ಕೋಶಗಳನ್ನು ಜೀವಂತವಾಗಿಡುವ ಮೀಡಿಯಂ) ಹಾಕಿಟ್ಟು ಅದರೊಳಗೇ ದ್ರವ ಬೀಳುವಂತೆ ಮಾಡಿದರೆ ಕೋಶಗಳು ಎಷ್ಟೋ ಹೊತ್ತು ತಡೆಯುತ್ತವೆ.

ಸೆಂಟ್ರಿಫ್ಯೂಜ್‌ನಲ್ಲಿ 400 ಜಿ, 10 ನಿಮಿಷ, 4 ಡಿಗ್ರಿ. ಪೆಲೆಟ್ (ತಳಕ್ಕೆ ಕೂತ ಕೋಶಗಳು) ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೆ ಗಾಬರಿ ಬೇಡ. ಟ್ಯೂಬ್ ಬಗ್ಗಿಸಿ ಸುರಿಯಲೇಬೇಡಿ. ಪಿಪೆಟ್‌ನಿಂದ ಮೇಲಿನ ದ್ರವ ತೆಗೆದು ತಳದಲ್ಲಿ 100 ಮೈಕ್ರೋಲೀಟರ್ ಬಿಟ್ಟು, ಸ್ಟೇನಿಂಗ್ (ಬಣ್ಣದ ಆ್ಯಂಟಿಬಾಡಿ ಹಚ್ಚುವುದು) ಅದರಲ್ಲೇ ಮಾಡಿ. ತೊಳೆಯುವುದು ಒಂದೇ ಸಲ.

ಉತ್ತರ 3

ಮೀಡಿಯಂ ಬೆರೆಸಿದ ಸಿಎಸ್‌ಎಫ್ ಆಲಿಗೋಕ್ಲೋನಲ್ ಬ್ಯಾಂಡ್ (ಆ್ಯಂಟಿಬಾಡಿಗಳು ಗೆರೆಗಳಾಗಿ ಕಾಣುವ) ಪರೀಕ್ಷೆಗೆ ಬರುವುದಿಲ್ಲ. ಕಪ್ಪಾ ಲೈಟ್ ಚೈನ್ (ಆ್ಯಂಟಿಬಾಡಿಯ ಒಂದು ತುಂಡು), ನ್ಯೂರೋಫಿಲಮೆಂಟ್ (ನರಕ್ಕೆ ಹಾನಿಯಾದಾಗ ಸೋರುವ ಪ್ರೋಟೀನು) ಕೂಡ ಕೈಬಿಟ್ಟಂತೆ. ಮೇಲಿನ ದ್ರವ ಕಸವಲ್ಲ, ಅರ್ಧ ಅಧ್ಯಯನವೇ ಅದರಲ್ಲಿದೆ.

ಪ್ರಶ್ನೆ ಕೇಳಿದವರು

ಹಾಗಾದರೆ ಮೀಡಿಯಂ ಹಾಕಬೇಕೋ ಬೇಡವೋ?

ಉತ್ತರ 3

ವಾರ್ಡಿನ ಪಕ್ಕದಲ್ಲೇ ಸಣ್ಣ ಸೆಂಟ್ರಿಫ್ಯೂಜ್ ಇಡಿ. ದ್ರವ ಬಂದ ಕೂಡಲೇ ತಿರುಗಿಸಿ. ಮೇಲಿನದನ್ನು ಅರ್ಧರ್ಧ ಎಂಎಲ್ ಮಾಡಿ ಹಂಚಿ ಮೈನಸ್ 80ರಲ್ಲಿಡಿ. ತಳದ ಕೋಶಗಳನ್ನು ತಣ್ಣನೆಯ ಮೀಡಿಯಂನಲ್ಲಿ ಕದಡಿ ಐಸ್ ಮೇಲೆ ಲ್ಯಾಬಿಗೆ ತನ್ನಿ. ಇದಾಗದಿದ್ದರೆ 1 ಎಂಎಲ್ ಬೇರೆ ಟ್ಯೂಬಿಗೆ, ಉಳಿದದ್ದು ಮೀಡಿಯಂಗೆ. ಬ್ಯಾಂಡ್ ನೋಡಲು ಅದೇ ದಿನದ ಸೀರಮ್ ಜೋಡಿಯಾಗಿ ಬೇಕು. ಸಿಎಸ್‌ಎಫ್‌ನಲ್ಲಿ ಮಾತ್ರ ಇರುವ ಎರಡು ಅಥವಾ ಹೆಚ್ಚು ಗೆರೆಗಳಿಗಷ್ಟೇ ಅರ್ಥವಿದೆ.

ಸೂಜಿ ಚುಚ್ಚುವಾಗ ಬೆರೆತ ರಕ್ತವನ್ನೂ ಎಣಿಸಿ. ರಕ್ತದಲ್ಲಿ ಸುಮಾರು 700 ಕೆಂಪು ಕೋಶಕ್ಕೆ ಒಂದು ಬಿಳಿ ಕೋಶ. ಸಿಎಸ್‌ಎಫ್‌ನಲ್ಲಿ ಮೈಕ್ರೋಲೀಟರಿಗೆ 500 ಕೆಂಪು ಕೋಶ ಇದ್ದರೆ 0.7 ಬಿಳಿ ಕೋಶ ರಕ್ತದಿಂದಲೇ ಬಂದಿದೆ. ನಿಮ್ಮ ಒಟ್ಟು ಎಣಿಕೆ 2 ಆಗಿದ್ದರೆ ಮೂರನೇ ಒಂದು ಪಾಲು ರಕ್ತದ್ದೇ ಆಯಿತು. ದ್ರವ ಬರಿಗಣ್ಣಿಗೆ ತಿಳಿಯಾಗಿಯೇ ಕಾಣಬಹುದು, ಅದನ್ನು ನಂಬಬೇಡಿ. ಮೊದಲು ಬಿದ್ದ ಹನಿಗಳನ್ನು ಬೇರೆ ಟ್ಯೂಬಿಗೆ ಬಿಡಿ. ನ್ಯೂಟ್ರೋಫಿಲ್ ಗುಂಪು ಎದ್ದು ಕಂಡರೆ ಮೊದಲ ಅನುಮಾನ ರಕ್ತದ ಮೇಲೆ.

ಉತ್ತರ 4

ಎಲ್ಲರೂ ಟ್ಯೂಬಿನ ಬಗ್ಗೆಯೇ ಹೇಳಿದಿರಿ, ಏನು ಹುಡುಕುತ್ತಿದ್ದಾರೆ ಅನ್ನುವುದೂ ಮುಖ್ಯ. ಸಿಎಸ್‌ಎಫ್‌ನ ಟಿ ಕೋಶಗಳಲ್ಲಿ ಹೆಚ್ಚಿನವು ಸಿಡಿ4 ಬಗೆಯವು, ಬಹುಪಾಲು ಮೆಮೊರಿ ಕೋಶಗಳು (ಹಿಂದೆ ಕಂಡ ಆ್ಯಂಟಿಜನ್ ನೆನಪಿಟ್ಟುಕೊಂಡವು). ಇದು ಆರೋಗ್ಯವಂತರಲ್ಲೂ ಹೀಗೆಯೇ! ಹಾಗಾಗಿ “ಮೆಮೊರಿ ಟಿ ಕೋಶ ರಕ್ತಕ್ಕಿಂತ ಸಿಎಸ್‌ಎಫ್‌ನಲ್ಲಿ ಜಾಸ್ತಿ” ಎಂದು ಬರೆದರೆ ಅದು ಎಂಎಸ್ ಬಗ್ಗೆ ಏನೂ ಹೇಳುವುದಿಲ್ಲ. ರೋಗವನ್ನು ಬೇರ್ಪಡಿಸಿ ತೋರಿಸುವುದು ಬಿ ಕೋಶ ಮತ್ತು ಪ್ಲಾಸ್ಮಾಬ್ಲಾಸ್ಟ್. ನನ್ನ ಪ್ರಕಾರ ಯೋಜನೆಯ ಮುಖ್ಯ ಪ್ರಶ್ನೆ ಅಲ್ಲೇ ಇರಲಿ.

ಬಿ ಕೋಶದ ಮಹತ್ವ ಗೊತ್ತಾದದ್ದು ಔಷಧದಿಂದ. 2008ರಲ್ಲಿ ಪ್ರಕಟವಾದ ರಿಟುಕ್ಸಿಮಾಬ್ ಪ್ರಯೋಗದಲ್ಲಿ ಸಿಡಿ20 ಇರುವ ಬಿ ಕೋಶಗಳನ್ನು ತೆಗೆದ ಕೆಲವೇ ತಿಂಗಳಲ್ಲಿ ಎಂಆರ್‌ಐಯಲ್ಲಿ ಹೊಸ ಗಾಯಗಳು ಬಹುತೇಕ ನಿಂತವು. ಆದರೆ ಆ್ಯಂಟಿಬಾಡಿ ತಯಾರಿಸುವ ಪ್ಲಾಸ್ಮಾ ಕೋಶದ ಮೇಲೆ ಸಿಡಿ20 ಇಲ್ಲ, ಈ ಔಷಧ ಅದನ್ನು ಮುಟ್ಟುವುದಿಲ್ಲ. ಅಂದರೆ ಬಿ ಕೋಶದ ಹಾನಿ ಆ್ಯಂಟಿಬಾಡಿಯಿಂದ ಮಾತ್ರ ಅಲ್ಲ. ಅದು ಟಿ ಕೋಶಕ್ಕೆ ಆ್ಯಂಟಿಜನ್ ತೋರಿಸುತ್ತದೆ, ಸೈಟೋಕೈನ್ (ಕೋಶಗಳ ನಡುವಿನ ಸಂಕೇತ ಪ್ರೋಟೀನು) ಸುರಿಸುತ್ತದೆ. ಪ್ಯಾನಲ್‌ನಲ್ಲಿ ಎಚ್‌ಎಲ್‌ಎ-ಡಿಆರ್‌ಗೆ ಜಾಗ ಮಾಡಿ ಎನ್ನುವುದು ಇದಕ್ಕೇ. 2022ರಲ್ಲಿ ಅಮೆರಿಕದ ಸೈನಿಕರ ದಾಖಲೆಗಳಿಂದ ಎಪ್‌ಸ್ಟೈನ್-ಬಾರ್ ವೈರಸ್ ತಗುಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಏರುತ್ತದೆಂದು ತಿಳಿಯಿತು. ಆ ವೈರಸ್ ಜೀವನವಿಡೀ ಅಡಗಿ ಕೂರುವುದೂ ಮೆಮೊರಿ ಬಿ ಕೋಶದಲ್ಲೇ.

ಪ್ರಶ್ನೆ ಕೇಳಿದವರು

ಟಿಎಚ್17 (ಐಎಲ್-17 ಬಿಡುವ ಟಿ ಕೋಶ) ಪೂರ್ತಿ ಬಿಡಬೇಕೇ? ಐಎಲ್-17, ಜಿಎಂ-ಸಿಎಸ್‌ಎಫ್ ಸೈಟೋಕೈನ್‌ಗಳನ್ನು (ಈ ಹೆಸರಿನ ಸಿಎಸ್‌ಎಫ್ ದ್ರವವಲ್ಲ) ನೋಡುವ ಆಸೆ ಇತ್ತು.

ಉತ್ತರ 1

ರಕ್ತದಲ್ಲಿ ನೋಡಿ. ಕೋಶಗಳನ್ನು ಕೆರಳಿಸಲು ಪಿಎಂಎ ಎಂಎಲ್‌ಗೆ 50 ನ್ಯಾನೋಗ್ರಾಂ, ಅಯೊನೊಮೈಸಿನ್ 1 ಮೈಕ್ರೋಗ್ರಾಂ, ಸೈಟೋಕೈನ್ ಹೊರಹೋಗದಂತೆ ತಡೆಯುವ ಬ್ರೆಫೆಲ್ಡಿನ್ ಎ ಜೊತೆಗೆ 4ರಿಂದ 5 ಗಂಟೆ. ಪಿಎಂಎ ತಗುಲಿದರೆ ಸಿಡಿ4 ಕೋಶದ ಮೇಲ್ಮೈಯಿಂದ ಒಳಗೆ ಸರಿಯುತ್ತದೆ. ಇದು ತಿಳಿಯದೆ “ಸಿಡಿ4 ಕೋಶಗಳೇ ಮಾಯ” ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಸಿಡಿ4 ಸ್ಟೇನಿಂಗನ್ನು ಕೋಶ ತೂತು ಮಾಡಿದ ಮೇಲೆ ಮಾಡಿ, ಇಲ್ಲವೇ ಸಿಡಿ3 ಇದ್ದು ಸಿಡಿ8 ಇಲ್ಲದವನ್ನು ಆರಿಸಿ. ಸಿಸಿಆರ್7ನಂಥ ಕೀಮೋಕೈನ್ ರಿಸೆಪ್ಟರ್‌ಗಳಿಗೆ 37 ಡಿಗ್ರಿಯಲ್ಲಿ ಸ್ಟೇನಿಂಗ್ ಮಾಡಿದರೆ ಚೆನ್ನಾಗಿ ಬೇರ್ಪಡುತ್ತವೆ, ಐಸ್ ಮೇಲೆ ಮಂಕು.

ಉತ್ತರ 4

ಟಿಎಚ್17 ಮೇಲೆ ಪೂರ್ತಿ ಭಾರ ಹಾಕದಿರಲು ಇನ್ನೊಂದು ಕಾರಣವೂ ಇದೆ. ಇಲಿಯ ಮಾದರಿಯಲ್ಲಿ ಐಎಲ್-12 ಮತ್ತು ಟಿಎಚ್17ಗೆ ಬಲ ಕೊಡುವ ಐಎಲ್-23 ತಡೆದರೆ ರೋಗ ನಿಲ್ಲುತ್ತದೆ. ಅದೇ ಕೆಲಸ ಮಾಡುವ ಉಸ್ಟೆಕಿನುಮಾಬ್ ಎಂಎಸ್ ರೋಗಿಗಳಲ್ಲಿ ಸೋತಿತು. ಇಲಿಯ ರೋಗ ಸಿಡಿ4ನದು. ಮನುಷ್ಯರ ಮಿದುಳಿನ ಗಾಯದೊಳಗಿನ ಟಿ ಕೋಶಗಳಲ್ಲಿ ಸಿಡಿ8 ಮುಂದು.

ಉತ್ತರ 5

ರಕ್ತದ ವಿಷಯ. ಆಗಷ್ಟೇ ತೆಗೆದ ಸಿಎಸ್‌ಎಫ್‌ಗೆ ಫ್ರೀಜ್ ಮಾಡಿದ ರಕ್ತ ಕೋಶ ಹೋಲಿಸಬೇಡಿ. ಫ್ರೀಜ್ ಆದರೆ ಪ್ಲಾಸ್ಮಾಬ್ಲಾಸ್ಟ್, ಮೊನೊಸೈಟ್ ಕಡಿಮೆಯಾಗುತ್ತವೆ. ಅದೇ ಗಂಟೆಯ ರಕ್ತಕ್ಕೆ ಅದೇ ಪ್ಯಾನಲ್ ಹಾಕಿ. ಮಿಕ್ಕ ರಕ್ತವನ್ನು ಫಿಕಾಲ್ ಮೇಲೆ (ಕೋಶಗಳನ್ನು ಪದರಗಳಾಗಿ ಬೇರ್ಪಡಿಸುವ ದ್ರಾವಣ, ಸಾಂದ್ರತೆ 1.077) 400 ಜಿಯಲ್ಲಿ 30 ನಿಮಿಷ, ಬ್ರೇಕ್ ಇಲ್ಲದೆ ತಿರುಗಿಸಿ. ನಂತರ ಫ್ರೀಜ್ ಮಾಡಲು 90% ಸೀರಮ್, 10% ಡಿಎಂಎಸ್‌ಒ, ನಿಮಿಷಕ್ಕೆ 1 ಡಿಗ್ರಿ ಇಳಿಕೆ. ರಕ್ತ ರಾತ್ರಿಯಿಡೀ ಉಳಿದುಹೋದರೆ ನ್ಯೂಟ್ರೋಫಿಲ್‌ಗಳು ಹಗುರಾಗಿ ಫಿಕಾಲ್ ಮೇಲುಳಿಯುವ ಲಿಂಫೋಸೈಟ್, ಮೊನೊಸೈಟ್‌ಗಳ ಪದರಕ್ಕೇ ಬಂದು ಸೇರುತ್ತವೆ.

ಸ್ಟಿರಾಯ್ಡ್! ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಕೊಡುವುದು ವಾಡಿಕೆ. ಮೊದಲ ಡೋಸಿನಲ್ಲೇ ರಕ್ತದ ಲಿಂಫೋಸೈಟ್ ಕುಸಿಯುತ್ತದೆ. ಮಾದರಿ ಅದಕ್ಕೆ ಮೊದಲೇ ತೆಗೆಯಬೇಕು. ಹಾಗೆಂದು ನಿಮ್ಮ ಟ್ಯೂಬಿಗಾಗಿ ಚಿಕಿತ್ಸೆ ತಡಮಾಡುವಂತಿಲ್ಲ, ತಪ್ಪಿಹೋದರೆ ಅವರನ್ನು ಬೇರೆ ಗುಂಪಿನಲ್ಲಿಡಿ. ಲಿಂಫೋಸೈಟ್ ಸಂಖ್ಯೆ ಹಗಲು ರಾತ್ರಿಯ ಜೊತೆ ಏರಿಳಿಯುವುದರಿಂದ ಎಲ್ಲರದನ್ನೂ ಬೆಳಿಗ್ಗೆಯೇ ತೆಗೆಯಿರಿ.

ಹೋಲಿಕೆಗೆ ಎರಡು ಗುಂಪು ಬೇಕು. ಬೇರೆ ಕಾರಣಕ್ಕೆ ಸಿಎಸ್‌ಎಫ್ ತೆಗೆಸಿಕೊಂಡ, ಉರಿಯೂತವಿಲ್ಲದ ತಲೆನೋವಿನವರು ಒಂದು. ಉರಿಯೂತವಿರುವ, ಎಂಎಸ್ ಅಲ್ಲದ ರೋಗಿಗಳು ಇನ್ನೊಂದು. ಎರಡನೆಯದು ಇಲ್ಲದಿದ್ದರೆ ನೀವು ಕಂಡದ್ದು ಎಂಎಸ್ಸೋ, ಬರೀ ಉರಿಯೂತವೋ ತಿಳಿಯದು. ಕಣ್ಣಿನ ನರದ ಉರಿಯೂತದಿಂದ ಶುರುವಾದ ಎಲ್ಲರಿಗೂ ಸೀರಮ್‌ನಲ್ಲಿ ಆಕ್ವಾಪೊರಿನ್-4 ಮತ್ತು ಎಂಒಜಿ ಆ್ಯಂಟಿಬಾಡಿಯನ್ನು ಜೀವಕೋಶ ಬಳಸುವ ವಿಧಾನದಿಂದ ನೋಡಿ. ಆ ಆ್ಯಂಟಿಬಾಡಿ ಇರುವವು ಬೇರೆ ರೋಗಗಳು, ನಿಮ್ಮ ಗುಂಪಿನೊಳಗೆ ನುಸುಳಿದರೆ ಫಲಿತಾಂಶ ಕಲಸುಮೇಲೋಗರ.

ಉತ್ತರ 2

ಇನ್ನೊಂದು ಸೇರಿಸುತ್ತೇನೆ. ಮಿದುಳಿನ ಅಂಗಾಂಶದಲ್ಲೇ ನೆಲೆಸಿರುವ ಮೈಕ್ರೋಗ್ಲಿಯಾ ನಿಮ್ಮ ಟ್ಯೂಬಿಗೆ ಬರುವುದಿಲ್ಲ. ಸಿಎಸ್‌ಎಫ್‌ನ ಸಿಡಿ14 ಕೋಶಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಡಬೇಡಿ. ಮತ್ತೆ, ಮೊದಲ ಮೂರ್ನಾಲ್ಕು ಮಾದರಿಗಳನ್ನು ಅಭ್ಯಾಸಕ್ಕೆಂದೇ ತೆಗೆದಿಡಿ. ಅವುಗಳಲ್ಲಿ ಎಣಿಕೆ ಮಣಿ (ಸಂಖ್ಯೆ ಮೊದಲೇ ಗೊತ್ತಿರುವ ಸಣ್ಣ ಕಣಗಳು) ಹಾಕಿ, ವಾರ್ಡಿನಲ್ಲಿ ಎಣಿಸಿದಾಗ ಎಷ್ಟಿತ್ತು, ಯಂತ್ರದಲ್ಲಿ ಎಷ್ಟು ಬಂತು ಎಂದು ಬರೆದುಕೊಳ್ಳಿ. ಅರ್ಧಕ್ಕಿಂತ ಕಡಿಮೆ ಬಂದರೆ ಕೋಶ ಹೋಗುತ್ತಿರುವುದು ಎಲ್ಲಿ ಎಂದು ಕಂಡುಹಿಡಿಯುವವರೆಗೂ ನಿಜವಾದ ಮಾದರಿ ಶುರು ಮಾಡಬೇಡಿ.